ಒಣಗದ ದೋಣಿ

ಕೆರೆದಂಡೆಯ ಮನೆ,
ಮಾರ್ಚ್ ಹನ್ನೆರಡು, ಮಂಗಳವಾರ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಕುರ್ಚಿಯಲ್ಲಿ ಕೂತೇ ಇಡೀ ದೇಶದ ಕೆರೆ, ಕಾಡು, ಹುಲ್ಲುಗಾವಲು ಕಾಯುವವನಿಗೆ ಬೆನ್ನು ನೋಯದೆ ಇನ್ನೇನು ನೋಯಬೇಕು. ಅಮ್ಮನ ಮಂಡಿ ಹೇಗಿದೆ? ನಿನ್ನ ಮನೆಯ ಮೆಟ್ಟಿಲು ಅವಳಿಗೆ ಆಗುವುದಿಲ್ಲ, ಕೆಳಗಿನ ಕೋಣೆಯನ್ನೇ ಕೊಡು ಅಂದಿದ್ದೆ, ಕೊಟ್ಟಿದ್ದೀಯ ತಾನೇ? ಕನ್ನಡಕ ಬದಲಾಯಿಸಿದ ಮೇಲೂ ಅವಳಿಗೆ ಅಕ್ಷರ ಮಂಜಂತೆ, ಹಾಗಾಗಿ ಇದನ್ನು ನೀನೇ ಓದಿ ಹೇಳುತ್ತೀಯ ಅಂತ ಗೊತ್ತು. ಹೇಳು: ಇಲ್ಲಿ ಹಿತ್ತಲ ಗೋಡೆಗೆ ಸುಣ್ಣ ಬಳಿದಾಯಿತು, ಬೆಕ್ಕು ಮತ್ತೆ ಮರಿ ಹಾಕಿದೆ, ಇದನ್ನೂ ನಿಮ್ಮ ಇಲಾಖೆಗೆ ತಿಳಿಸಬೇಕೋ ಏನೋ ಗೊತ್ತಿಲ್ಲ. ಅಮ್ಮ ನಗುತ್ತಾಳೆ. ಅವಳು ನಗುತ್ತಿರುವಾಗಲೇ ಕಾಗದ ಮಡಿಸಿ ಜೇಬಿಗೆ ಹಾಕಿಕೊ. ಉಳಿದದ್ದನ್ನು ಒಬ್ಬನೇ ಕೂತು ಓದು.

ನಿನ್ನ ಭಾವನ ವಿಷಯ. ಅವರು ಈಗ ಬೆಳಿಗ್ಗೆ ಎದ್ದವರೇ ಬಲೆಯ ಕೋಣೆಯ ಮುಂದೆ ಹೋಗಿ ನಿಲ್ಲುತ್ತಾರೆ, ಬೀಗದ ಮೇಲೆ ನಿಮ್ಮವರು ಒತ್ತಿಹೋದ ಅರಗಿನ ಮುದ್ರೆ ನೋಡುತ್ತಾರೆ, ವಾಪಸು ಬರುತ್ತಾರೆ. ಮದುವೆಯಾದಾಗಿನಿಂದ ಈ ಕೆರೆಯ ಮೀನು ಬಿಟ್ಟು ಬೇರೆ ಮೀನು ಮನೆಗೆ ತಾರದವರು ಮೊನ್ನೆ ಪೇಟೆಯಿಂದ ಚೀಲದಲ್ಲಿ ಮುಚ್ಚಿಕೊಂಡು ತಂದರು, ಕದ್ದು ತಂದವರ ಹಾಗೆ. ಕೆರೆಗೆ ಚಿಪ್ಪು ತಂದವರು ಅವರೇ ಅಂತ ಚಹಾ ಅಂಗಡಿಯಲ್ಲಿ ಅವರಿಗೆ ಹೊಸ ಹೆಸರಿಟ್ಟಿದ್ದಾರೆ, ಚಿಪ್ಪಣ್ಣ. ಪಂಪ್‌ಮನೆಯ ಫಿಟ್ಟರ್ 'ಏನ್ ಚಿಪ್ಪಣ್ಣಾ, ಇವತ್ತು ಯಾವ ಕೆರೆಗೆ ಬಿತ್ತನೆ?' ಅಂತ ಎಲ್ಲರ ಎದುರು ಕೇಳಿದನಂತೆ. ಅವನ ಸಿಟ್ಟು ಸುಳ್ಳಲ್ಲ. ಪೈಪು ಬಿಚ್ಚಿದರೆ ಒಳಗೆಲ್ಲ ಹೊರದೇಶದಿಂದ ಬಂದು ಸೇರಿದ ಆ ಉಗುರಿನಗಲದ ಜೀವಿ, ಪಟ್ಟೆಚಿಪ್ಪು, ಒಂದರ ಬೆನ್ನ ಮೇಲೆ ಇನ್ನೊಂದು ಕಚ್ಚಿಕೊಂಡಿರುತ್ತವೆ. ಕೆರೆದು ತೆಗೆದು ಉಸಿರು ಬಿಡುವಷ್ಟರಲ್ಲಿ ಮತ್ತೆ ಅಷ್ಟೇ. ಈಜಲು ಇಳಿದ ಮಕ್ಕಳು ಅಂಗಾಲು ಕುಯ್ದುಕೊಂಡು ಬರುತ್ತಾರೆ. ನೀರು ಮಾತ್ರ ಕನ್ನಡಿಯಂತಾಗಿದೆ. ನೋಡಲು ಬಂದವರು 'ಎಷ್ಟು ತಿಳಿ ನೀರು!' ಅಂತ ಫೋಟೋ ತೆಗೆಯುತ್ತಾರೆ. ಮೀನಿನ ಮರಿಗಳ ಬಾಯಿಗೆ ಸೇರಬೇಕಾದದ್ದನ್ನೆಲ್ಲ ಈ ಚಿಪ್ಪು ಸೋಸಿ ತಿಂದದ್ದಕ್ಕೆ ಆ ತಿಳಿ ಅಂತ ಅವರಿಗೆ ಯಾರು ಹೇಳಬೇಕು.

ಈ ಕೆರೆಯ ನಿಗಾ ಕೆಲಸ ನನಗೆ ಕೊಡಿಸಿದವನು ನೀನೇ. ಹಗ್ಗಕ್ಕೆ ಹೆಂಚಿನ ಚೂರು ಕಟ್ಟಿ ನೀರಿಗೆ ಇಳಿಬಿಡು, ತಿಂಗಳಿಗೊಮ್ಮೆ ಎತ್ತಿ ಬೆರಳಾಡಿಸು, ಉಪ್ಪುಕಾಗದದ ಹಾಗೆ ತರಿತರಿ ಅನ್ನಿಸಿದರೆ ಮರಿಚಿಪ್ಪು ಕೂತಿದೆ ಅಂತ ಲೆಕ್ಕ, ಕಣ್ಣಿಗೆ ಕಾಣುವ ಮೊದಲೇ ಬೆರಳಿಗೆ ಸಿಗುತ್ತೆ ಅಂತ ನನ್ನ ಬೆರಳು ಹಿಡಿದು ಕಲಿಸಿದೆ. ನಿನಗೆ ಮಗ್ಗಿ ಕಲಿಸಿದ ಅಕ್ಕ ನಾನು, ನಿನ್ನಿಂದ ಕಲಿಯುವಾಗ ಎಷ್ಟು ಹೆಮ್ಮೆಪಟ್ಟೆ ಗೊತ್ತೇ. ಕೆರೆದಂಡೆಗೆ ನಿಲ್ಲಿಸುವ ಇಲಾಖೆಯ ಬೋರ್ಡಿಗೆ ಏನಾದರೂ ಬರೆದುಕೊಡು ಪ್ರಾಸಕ್ಕಾ ಅಂತ, ನನ್ನ ಪ್ರಾಸದ ಹುಚ್ಚಿಗೆ ನೀನೇ ಇಟ್ಟ ಹೆಸರು ಹಿಡಿದು ಕಾಡಿದ್ದಕ್ಕೆ 'ಬಸಿದು, ತೊಳೆದು, ಒಣಗಿಸಿ. ಆಮೇಲೆ ದೋಣಿ ಇಳಿಸಿ' ಅಂತ ಹೊಸೆದುಕೊಟ್ಟೆ. ಅದೀಗ ದೇಶದ ಕೆರೆಕೆರೆಗೂ ನಿಂತಿದೆ, ಬರೆದವಳ ಹೆಸರಿಲ್ಲದೆ. ಒಳ್ಳೆಯದೇ ಆಯಿತು.

ಆ ಘೋಷಣೆಯ ದಿನ ನಿನಗೆ ನೆನಪಿರಬೇಕು. ದೇಶದಲ್ಲಿ ಪಟ್ಟೆಚಿಪ್ಪು ಮುಟ್ಟದೆ ಉಳಿದ ಕೊನೆಯ ದೊಡ್ಡ ಕೆರೆ ಇದು ಅಂತ ಸಾರಲು ಮಂತ್ರಿಗಳು ಬರುವವರಿದ್ದರು. ಕುರ್ಚಿ ಹಾಕಿಯಾಗಿತ್ತು, ಮೈಕು ಕೆಮ್ಮುತ್ತಿತ್ತು. ಅವರನ್ನು ನಿಮ್ಮ ಇಲಾಖೆಯ ನಿಗಾ ದೋಣಿಯಲ್ಲಿ ಒಂದು ಸುತ್ತು ಹೊಡೆಸಬೇಕು ಅಂತ ನೀನು ಅದನ್ನು ಜೀಪಿನ ಹಿಂದೆ ಕಟ್ಟಿಸಿಕೊಂಡು ಬಂದೆ. ಅದರ ತಳದ ಬಿರಡೆಯಿಂದ ನೀರು ಸೋರಿ ನಮ್ಮ ಅಂಗಳದುದ್ದಕ್ಕೂ ಗೆರೆ ಬಿದ್ದಿತ್ತು. ನಿನ್ನ ಭಾವ ಬಗ್ಗಿ ಮುಟ್ಟಿ ನೋಡಿ, 'ಏನಪ್ಪಾ, ದೋಣಿ ಇನ್ನೂ ಹಸಿ ಇದೆಯಲ್ಲಾ?' ಅಂದರು. ನೀನು ಅವರ ಹೆಗಲ ಮೇಲೆ ಕೈಹಾಕಿ, 'ಭಾವಾ, ಬೆಳಿಗ್ಗೆ ದೊಡ್ಡ ಜಲಾಶಯದಲ್ಲಿ ತಪಾಸಣೆ ಇತ್ತು, ಅಲ್ಲಿಂದ ಸೀದಾ ಬಂದ್ವಿ. ಒಣಗಿಸೋ ನಿಯಮ ಬರೆದವನೇ ನಾನು, ನನಗೇ ಪಾಠಾನಾ?' ಅಂದೆ. ಆ ಜಲಾಶಯದ ಗೋಡೆಯ ತುಂಬ ಪಟ್ಟೆಚಿಪ್ಪು ಕೂತಿರುವುದು, ಅದರ ಮರಿ ಕಣ್ಣಿಗೆ ಕಾಣದೆ ಒಂದು ಬೊಗಸೆ ನೀರಿನಲ್ಲೂ ಪಯಣಿಸುವುದು, ಎಲ್ಲ ನಿನ್ನ ಬಾಯಿಂದಲೇ ನಾವು ಕೇಳಿ ತಿಳಿದದ್ದು. ದೋಣಿ ಇಳಿಯಿತು, ಮಂತ್ರಿಗಳು ಸುತ್ತು ಹೊಡೆದರು, ಚಪ್ಪಾಳೆ ಬಿತ್ತು. ಚಿಪ್ಪಿನ ಮರಿಗೆ ದೊಡ್ಡವರು ಚಿಕ್ಕವರು ಅಂತಿಲ್ಲ ನೋಡು, ಅದು ಅಧಿಕಾರಿಯ ದೋಣಿಯಿಂದಲೂ ಅಷ್ಟೇ ಸಲೀಸಾಗಿ ಇಳಿದುಹೋಯಿತು.

ಮೊದಲು ತರಿತರಿಯಾದ ಹೆಂಚು ಯಾವುದು? ನಿನ್ನ ದೋಣಿ ಇಳಿದ ಇಳಿಜಾರಿನ ಪಕ್ಕದ್ದು. ಆಚೆ ದಡದಲ್ಲಿ, ನಿನ್ನ ಭಾವ ಬಲೆ ಎಳೆಯುವ ಕಡೆ ಕಟ್ಟಿದ ಹೆಂಚು ಅದಾಗಿ ಎಷ್ಟೋ ತಿಂಗಳು ನುಣ್ಣಗೇ ಇತ್ತು. ಎರಡನ್ನೂ ನಿನಗೆ ಆಗಲೇ ತಿಳಿಸಿದ್ದೆ. ಆದರೂ ನಿಮ್ಮ ವರದಿಯಲ್ಲಿ ಬಂದದ್ದು, 'ಸ್ಥಳೀಯ ಮೀನುಗಾರರ ಅಜಾಗರೂಕತೆಯಿಂದ, ಹೊರಗಿನ ನೀರಿನಲ್ಲಿ ಬಳಸಿದ ಬಲೆಗಳ ಮೂಲಕ.' ಈ ಕೆರೆಯಲ್ಲಿ ಪರವಾನಗಿ ಇರುವ ಮೀನುಗಾರ ಒಬ್ಬರೇ. ಬಹುವಚನ ಗೌರವಕ್ಕೆ ಇರಬೇಕು, ಭಾವ ಅಲ್ಲವೇ. ಗುರುವಾರ ವಿಚಾರಣೆ ಮುಗಿಯುತ್ತಲೇ ಪರವಾನಗಿ ರದ್ದು ಮಾಡಿ, ಬಲೆಗಳನ್ನು ಇಳಿಜಾರಿನ ಹತ್ತಿರವೇ ಸುಡುತ್ತಾರಂತೆ, ಎಲ್ಲರಿಗೂ ಪಾಠವಾಗಲಿ ಅಂತ. ಸೌದೆ ಆಗಲೇ ಬಂದು ಬಿದ್ದಿದೆ. ವಿಚಾರಣೆಗಿಂತ ಮೊದಲು ಸೌದೆ ಬಂದದ್ದು ನಿಮ್ಮವರ ಚುರುಕುತನ.

ವರದಿ ಓದಿ ನಾನು ಫೋನ್ ಮಾಡಿದಾಗ ನೀನು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಮೆಲ್ಲಗೆ ಹೇಳಿದೆ, 'ಅಕ್ಕಾ, ನಿಗಾ ದೋಣಿಯೇ ತಂತು ಅಂತ ಗೊತ್ತಾದ್ರೆ ಯಾವ ಊರವರೂ ನಮ್ಮನ್ನ ನೀರಿಗೆ ಇಳಿಯೋಕೆ ಬಿಡಲ್ಲ. ಇಡೀ ದೇಶದ ಕೆಲಸ ನಿಂತುಹೋಗುತ್ತೆ. ಭಾವನಿಗೆ ನಾನು ಬೇರೆ ಕೆಲಸ ಕೊಡಿಸ್ತೀನಿ, ನಿಗಾ ದೋಣಿಗೇ ಚಾಲಕ ಬೇಕು.' ಎಂಥಾ ಉದಾರಿಯೋ ನೀನು! ನಿನ್ನ ಮಾತಿನಲ್ಲಿ ಹುರುಳಿಲ್ಲ ಅನ್ನಲಾರೆ. ಇಡೀ ದಿನ ಅದನ್ನೇ ತಿರುವಿ ಹಾಕಿದೆ. ಆದರೆ ಒಂದು ಲೆಕ್ಕ ನೀನು ಬಿಟ್ಟಿದ್ದೀಯ. ತಪ್ಪು ಬಲೆಯದು ಅಂತಾದರೆ ಎಲ್ಲರೂ ಬಲೆ ಕಾಯುತ್ತಾರೆ. ಆ ದೋಣಿ ಹಸಿಹಸಿಯಾಗಿಯೇ ಕೆರೆಯಿಂದ ಕೆರೆಗೆ ಹೋಗುತ್ತಿರುತ್ತದೆ, ಯಾರೂ ಮುಟ್ಟಿ ನೋಡುವುದಿಲ್ಲ. ಮುಟ್ಟಿ ನೋಡಿದ ಒಬ್ಬರನ್ನಂತೂ ನೀವು ಮೂಲೆಗೆ ಕೂರಿಸಿದ್ದೀರಿ. ಅವರು ಇವತ್ತಿಗೂ ನಿನ್ನ ಮೇಲೆ ಒಂದು ಕೆಟ್ಟ ಮಾತಾಡಿಲ್ಲ, ಕೇಳು. 'ಪಾಪ, ಅವನಿಗೆ ಮೇಲಿನವರ ಒತ್ತಡ ಇರುತ್ತೆ' ಅನ್ನುತ್ತಾರೆ. ನನ್ನ ಮೈ ಉರಿಯುವುದು ಅದಕ್ಕೇ.

ಇನ್ನು ಸಾಕು. ನಿನ್ನ ಹೆಂಡತಿಗೆ ನನ್ನ ನೆನಪು ಹೇಳು, ಮಕ್ಕಳ ನೆತ್ತಿ ಸವರು. ನೀನು ಸಣ್ಣವನಿದ್ದಾಗ ಹೇಳುತ್ತಿದ್ದ ಹಾಗೇ ಈಗಲೂ ಹೇಳುತ್ತೇನೆ, ನೂರು ಕಾಲ ಬಾಳು, ನೆಟ್ಟಗೆ ಬಾಳು.

ನಿನ್ನ
ಪ್ರಾಸಕ್ಕ

ತಾ.ಕ.: ಅಂಚೆಪೆಟ್ಟಿಗೆ ತೆಗೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಗುರುವಾರದ ವಿಚಾರಣೆಗೆ ಈ ಕೆರೆಯ ನಿಗಾ ನೋಡುವವಳು ಅಂತ ನನ್ನನ್ನೇ ಮೊದಲ ಸಾಕ್ಷಿಯಾಗಿ ಕರೆದಿದ್ದಾರೆ. ಹೋಗುತ್ತೇನೆ. ಫೋನಿನಲ್ಲಿ ತಿಳಿಸಿದ್ದರೆ ನೀನು ಅಮ್ಮನ ಕೈಗೆ ಫೋನ್ ಕೊಡುತ್ತಿದ್ದೆ, ಅವಳು ಅಳುತ್ತಿದ್ದಳು, ನಾನು ಸುಮ್ಮನಾಗುತ್ತಿದ್ದೆ. ಅದಕ್ಕೇ ಕಾಗದ ಬರೆದದ್ದು. ಇದು ನಿನ್ನ ಕೈಸೇರುವಷ್ಟರಲ್ಲಿ ಯಾವ ದೋಣಿ, ಎಲ್ಲಿಂದ ಬಂತು, ಯಾರು ತಂದರು, ಎಲ್ಲ ಹೇಳಿ ಮುಗಿಸಿರುತ್ತೇನೆ. ಕೊನೆಗೆ ಅವರು 'ಆ ಅಧಿಕಾರಿ ನಿಮಗೆ ಏನಾಗಬೇಕು?' ಅಂತ ಕೇಳುತ್ತಾರೆ. ತಮ್ಮ ಅಂತಲೇ ಹೇಳುತ್ತೇನೆ.