ಅಮ್ಮನ ಹೆಸರಿನ ಲಾಗಿನ್

ಲ್ಯಾಬಿನ ಹಿಂದಿನ ಕೋಣೆ,
ಗುರುವಾರ ಸಂಜೆ

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಬಲಗೈ ಬೆರಳುಗಳು ಈಗ ಮಾತು ಕೇಳುತ್ತಿವೆಯಾ? ಚಿಕ್ಕಮ್ಮ ವ್ಯಾಯಾಮ ಮಾಡಿಸುವಾಗ ಅವಳ ಜೊತೆ ಜಗಳಕ್ಕೆ ನಿಲ್ಲಬೇಡ. ಫೋನಿನಲ್ಲಿ ಕೇಳಿದರೆ "ಗುಂಡುಕಲ್ಲಿನ ಥರ ಇದ್ದೀನಿ" ಅಂತಲೇ ಹೇಳುತ್ತೀಯ. ಅದಕ್ಕೇ ನನಗೆ ನಂಬಿಕೆ ಬರುವುದಿಲ್ಲ.

ನಾನಂತೂ ಸುಸ್ತಾಗಿ ಹೋಗಿದ್ದೇನೆ. ಈ ವಾರ ಯಾರೋ ಪುಣ್ಯಾತ್ಮರು ಹೊರಗಿನಿಂದ ಪಾಸ್‌ವರ್ಡ್ ಊಹಿಸಿ ಊಹಿಸಿ ನಮ್ಮ ಸರ್ವರ್‌ಗೆ ನುಗ್ಗಲು ನೋಡಿದರು. ಊರವರ ರಕ್ತಪರೀಕ್ಷೆಯ ವರದಿಗಳೆಲ್ಲ ಅದರಲ್ಲೇ ಇವೆಯಲ್ಲ. ಹಾಗಾಗಿ ಪಾಸ್‌ವರ್ಡ್ ಹಾಕಿ ಒಳಗೆ ಬರುವ ದಾರಿಯನ್ನೇ ಮುಚ್ಚಿಬಿಟ್ಟೆ. ಇನ್ನು ಮೇಲೆ ಅವರವರ ಕಂಪ್ಯೂಟರಿನಲ್ಲಿ ಬೀಗದಕೈಯಂಥ ಕೀ ಫೈಲ್ ಇದ್ದರೆ ಮಾತ್ರ ಪ್ರವೇಶ. ಅಪ್ಪ ಲ್ಯಾಪ್‌ಟಾಪನ್ನು ಎಲ್ಲೆಂದರಲ್ಲಿ ಬಿಟ್ಟು ಬರುವ ಮಹಾನುಭಾವರಾದ್ದರಿಂದ ಅವರಿಗೆ ಫೋನಿನ ಆರಂಕಿಯ ಕೋಡನ್ನೂ ಕಟ್ಟಿದ್ದೇನೆ. ಅವರು ಕನ್ನಡಕ ಹುಡುಕುವಷ್ಟರಲ್ಲಿ ಅಂಕಿ ಬದಲಾಗುತ್ತದೆ, ಬೈಗುಳ ನನಗೆ. ಎಲ್ಲವನ್ನೂ ನೀನು ಕಲಿಸಿದ ಹಾಗೆಯೇ ಮಾಡಿದೆ: ಪರದೆಯ ಒಂದು ಕಿಟಕಿಯಲ್ಲಿ ಲಾಗಿನ್ ಆಗಿಯೇ ಉಳಿದು, ಇನ್ನೊಂದರಿಂದ ಪರೀಕ್ಷೆ. "ಹೊಸ ದಾರೀಲಿ ಒಳಗೆ ಬಂದು ನೋಡೋ ತನಕ ಹಳೇ ಕಿಟಕಿ ಮುಚ್ಚಬೇಡ, ಇಲ್ಲಾಂದ್ರೆ ನಾವೇ ಹೊರಗುಳೀತೀವಿ" ಅನ್ನುತ್ತಿದ್ದೆಯಲ್ಲ.

ಕೊನೆಗೆ ಉಳಿದದ್ದು ಬೇಡದ ಹೆಸರುಗಳನ್ನು ತೆಗೆಯುವ ಕೆಲಸ. ಅಮ್ಮನ ಲಾಗಿನ್ ಅಳಿಸಿಬಿಡು, ಇಷ್ಟು ವರ್ಷ ದುಡಿದದ್ದು ಸಾಕು, ಇನ್ನಾದರೂ ಹಾಯಾಗಿರಲಿ ಎಂದರು ಅಪ್ಪ. ನಿನ್ನ ಒಳ್ಳೆಯದಕ್ಕೇ ಹೇಳಿದ್ದು. ನಾನೂ ಹೂಂ ಅಂದೆ. ಅಳಿಸುವ ಮುಂಚೆ, ಯಾರು ಯಾರ ಹೆಸರಲ್ಲಿ ಬಾಗಿಲು ತಟ್ಟಿದ್ದಾರೆ ಅಂತ ಸರ್ವರ್‌ನ ದಾಖಲೆಯಲ್ಲಿ ಒಮ್ಮೆ ನೋಡಿದೆ. ನಿನ್ನ ಹೆಸರಿನಲ್ಲೂ ತಪ್ಪು ಪಾಸ್‌ವರ್ಡ್‌ಗಳು ಸಾಲುಗಟ್ಟಿದ್ದವು. ಆ ಕಳ್ಳರೇ ಇರಬೇಕು ಅಂದುಕೊಂಡೆ. ಪರಿಶೀಲಿಸಿದರೆ ಅವು ಬಂದದ್ದು ಚಿಕ್ಕಮ್ಮನ ಮನೆಯ ಇಂಟರ್‌ನೆಟ್‌ನಿಂದ. ದಿನಾ ಬೆಳಿಗ್ಗೆ, ನೀನು ಲ್ಯಾಬ್ ತೆರೆಯುತ್ತಿದ್ದ ಹೊತ್ತಿಗೇ. ಬೆರಳು ತಪ್ಪುತ್ತಿತ್ತೋ, ಪಾಸ್‌ವರ್ಡೇ ಮರೆತಿತ್ತೋ, ನನಗೆ ಒಂದು ಮಾತು ಹೇಳಬಾರದಿತ್ತಾ ಅಮ್ಮಾ? ಕೂತಲ್ಲೇ ಅಳು ಬಂತು. ಅಪ್ಪನಿಗೂ ತೋರಿಸಿದೆ. ಅವರು ಕನ್ನಡಕ ಒರೆಸಿಕೊಳ್ಳುತ್ತಾ ಹೊರಗೆ ಹೋದರು.

ಈ ಪತ್ರವನ್ನು ಚಿಕ್ಕಮ್ಮನ ಫೋನಿಗೇ ಕಳಿಸುತ್ತಿದ್ದೇನೆ, ರಾತ್ರಿಯೇ ಓದು. ಮಾತ್ರೆ ತಪ್ಪಿಸಬೇಡ. ಚಿಕ್ಕಮ್ಮನಿಗೆ ನನ್ನ ನಮಸ್ಕಾರ ಹೇಳು, ನಿನ್ನನ್ನು ಸಹಿಸಿಕೊಂಡಿದ್ದಕ್ಕೆ ಇನ್ನೊಂದು ಹೇಳು.

ಇಂತಿ ನಿನ್ನ
ಮೊಂಡಿ

ತಾ.ಕ.: ನಿನ್ನ ಹೆಸರು ಅಳಿಸಿಲ್ಲ. ಮಧ್ಯಾಹ್ನ ನೀನು ಮಲಗಿದ್ದಾಗ ಚಿಕ್ಕಮ್ಮನಿಗೆ ಫೋನಿನಲ್ಲಿ ಹೇಳಿಕೊಟ್ಟು, ನಿನ್ನ ಲ್ಯಾಪ್‌ಟಾಪಿನಲ್ಲೇ ಕೀ ಮಾಡಿಸಿ ಇಲ್ಲಿ ಸೇರಿಸಿದ್ದೇನೆ. ಇನ್ನು ಏನನ್ನೂ ನೆನಪಿಡಬೇಕಾಗಿಲ್ಲ, ಟೈಪ್ ಮಾಡಬೇಕಾಗಿಲ್ಲ. ಪರದೆಯ ಮೇಲೆ 'ಲ್ಯಾಬ್' ಅಂತ ಇದೆ, ಎಡಗೈಯಿಂದ ಒತ್ತು, ಸಾಕು. ನನ್ನ ಹಳೇ ಕಿಟಕಿ ಇನ್ನೂ ತೆರೆದೇ ಇದೆ. ನಾಳೆ ಬೆಳಿಗ್ಗೆ ನೀನು ಒಳಗೆ ಬಂದಮೇಲೇ ಮುಚ್ಚುತ್ತೇನೆ.