ಮೂರನೆಯ ಸೀಟು

ಶಿಗ್ಗಾಂವ
೯ ಫೆಬ್ರವರಿ ೨೦೨೫, ಭಾನುವಾರ

ಅಂಕಿ,

‘ನಿನಗ ನೀರಂದ್ರ ಅಂಜಿಕಿ ಅಲ್ಲೇನವ್ವಾ, ಅದಕ್ಕ ಬರ್ತಿಯೇನಂತ ಕೇಳಲಿಲ್ಲ’ ಎಂದು ನೀನು ಫೋನಿನಲ್ಲಿ ಅಂದೆ. ಅಥವಾ ಅಂಥದೇ ಏನೋ. ಕುಕ್ಕರು ಕೂಗುತ್ತಿತ್ತು, ಮಾತಿನ ಕೊನೆ ಅದರಲ್ಲಿ ಕರಗಿತು. ‘ಹೌದ ಮತ್ತ, ಅಂಜಿಕಿ ಖರೆ’ ಎಂದು ನಾನೂ ಒಪ್ಪಿಕೊಂಡೆ. ಒಪ್ಪಿಕೊಂಡು, ಫೋನು ಇಟ್ಟು, ಬೆಂದ ಬೇಳೆಯನ್ನು ಬಹಳ ಹೊತ್ತು ಕಡೆಯುತ್ತ ನಿಂತೆ. ಆಗಿನಿಂದ ಆ ಮಾತು ಹಲ್ಲಿನ ಸಂದಿಗೆ ಸಿಕ್ಕ ಸವತೆ ಬೀಜದಂತೆ ಕೂತಿದೆ. ನಾಲಿಗೆ ಅಲ್ಲಿಗೇ ಹೋಗುತ್ತದೆ.

ಈ ಕಾಲದಲ್ಲಿ ಪತ್ರವೇ ಎಂದು ನಿನ್ನ ಗಂಡ ಚನ್ನೇಶ ನಗಬಹುದು. ಫೋನಿನಲ್ಲಿ ನನ್ನ ದನಿ ನನಗಿಂತ ಒಂದು ಹೆಜ್ಜೆ ಮುಂದೆ ಹೋಗಿಬಿಡುತ್ತದೆ. ಕಾಗದದ ಮೇಲಾದರೆ ಅದನ್ನು ಹಿಂದಕ್ಕೆ ಎಳೆದುಕೊಳ್ಳಬಹುದು. ಅಲ್ಲದೆ ನೀನು ಕೇಳಿದ ಪ್ರಶ್ನೆಗೆ ನಾನಿನ್ನೂ ಉತ್ತರ ಕೊಟ್ಟಿಲ್ಲ. ಒಂದೇ ಫೋನಿನಲ್ಲಿ ನೀನು ಮೂರು ಸುದ್ದಿ ಹೇಳಿದೆ: ನಾವು ದಿಯು ದ್ವೀಪಕ್ಕೆ ಹೋಗಿ ಬಂದ್ವಿ. ನನಗೀಗ ನಾಲ್ಕು ತಿಂಗಳು. ಅತ್ತಿಯಾರು ಬಾಣಂತನ ಇಲ್ಲೇ ಚಿಕ್ಕೇರೂರಾಗ ಮಾಡ್ತೇನಂತಾರ, ನೀ ಏನಂತಿ. ಚೊಚ್ಚಲ ಬಾಣಂತನ ತವರಿನದು ಎಂದು ನಮ್ಮಲ್ಲಿ ಯಾರೂ ಬರೆದಿಟ್ಟಿಲ್ಲ. ಯಾರೂ ಮೀರಿಯೂ ಇಲ್ಲ. ಎರಡನೆಯ ಸುದ್ದಿಗೆ ನನ್ನ ಕಣ್ಣಲ್ಲಿ ನೀರು ಬಂತು. ಸಂತೋಷದ್ದೇ. ಮೊದಲನೆಯ ಸುದ್ದಿಯ ನೀರನ್ನೂ ಸ್ವಲ್ಪ ಅದರಲ್ಲಿ ಸೇರಿಸಿಬಿಟ್ಟೆ. ಯಾರಿಗೂ ಬೇರೆಬೇರೆಯಾಗಿ ಕಾಣಲಿಲ್ಲ.

ಚನ್ನೇಶನ ಅಂಗಡಿಯಲ್ಲಿ ಗೋವಿನಜೋಳದ ಬೀಜ ಚೆನ್ನಾಗಿ ಹೋಯಿತೆಂದು ಕಂಪನಿಯವರು ಕೊಟ್ಟ ಪ್ರವಾಸವಂತೆ, ಮೂರು ಸೀಟಂತೆ. ಒಂದು ಅವನದು, ಒಂದು ನಿನ್ನದು. ಮೂರನೆಯದು ಎಷ್ಟು ಹೊತ್ತು ಖಾಲಿ ಇತ್ತು ಎಂಬುದಷ್ಟೇ ನನ್ನ ಕುತೂಹಲ. ಒಂದು ನಿಮಿಷವಾದರೂ ಇದ್ದಿರಬೇಕು. ಆ ನಿಮಿಷದಲ್ಲಿ ನಾನು ಬಂದು ಅಲ್ಲಿ ಕೂತೆನೇ, ಕೂತವಳನ್ನು ನೀನು ಎಬ್ಬಿಸಿದೆಯೇ. ಇವೆಲ್ಲ ಕೇಳುವ ವಯಸ್ಸು ನನ್ನದಲ್ಲ. ವೀರವ್ವನವರು ನಿನ್ನ ಅತ್ತೆ, ಒಂದೇ ಒಲೆಯ ಅಡುಗೆ ಉಣ್ಣುವವರು. ಸೀಟು ಅವರಿಗೇ ಹೋಗಬೇಕಾದದ್ದು. ಶಾಲೆಯಲ್ಲಿ ಮಕ್ಕಳು ಪಾಠ ಒಪ್ಪಿಸುವ ದನಿಯಲ್ಲಿ ಇದನ್ನು ನನಗೆ ನಾನೇ ಹೇಳಿಕೊಂಡೆ. ಮೂರು ಸೀಟಿನಲ್ಲಿ, ಹೊಟ್ಟೆಯ ಕೂಸೂ ಸೇರಿ, ನೀವು ನಾಲ್ವರು ಹೋಗಿ ಬಂದಿರಿ, ಅದು ಅವರಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ.

ಊಟಿ, ಮೈಸೂರು ಆಗಿದ್ದರೆ ನನಗೆ ಏನೂ ಅನ್ನಿಸುತ್ತಿರಲಿಲ್ಲ. ಆದರೆ ದಿಯು. ಪೋರ್ಚುಗೀಸರ ಪಾಠ ಬಂದಾಗಲೆಲ್ಲ ಕರಿಹಲಗೆಯ ನಕಾಶೆಯಲ್ಲಿ, ಗುಜರಾತಿನ ಕೆಳಗೆ, ನಾನು ಸೀಮೆಸುಣ್ಣದಿಂದ ಒಂದು ಚುಕ್ಕೆ ಇಡುತ್ತೇನೆ. ಚುಕ್ಕೆ ಯಾವಾಗಲೂ ದ್ವೀಪಕ್ಕಿಂತ ದೊಡ್ಡದಾಗುತ್ತದೆ. ನೀನು ನನ್ನದೇ ತರಗತಿಯಲ್ಲಿ ಕೂತ ವರ್ಷ ಎದ್ದು ನಿಂತು, ‘ಟೀಚರ್, ನೀವು ಅಲ್ಲಿಗೆ ಹೋಗೀರೇನ್ರಿ?’ ಎಂದು ಕೇಳಿದ್ದೆ. ಶಾಲೆಯಲ್ಲಿ ಅವ್ವ ಎನ್ನಬಾರದೆಂಬ ನನ್ನ ನಿಯಮ ನಿನಗೆ ಒಂದು ಆಟ. ಇಲ್ಲ, ನಿನ್ನ ಜೋಡಿ ಹೋಗತೇನಿ ಎಂದೆ ನಾನು. ತರಗತಿ ನಕ್ಕಿತು. ನಾನು ನಕ್ಕಿರಲಿಲ್ಲ.

ನೀನು ಕಳಿಸಿದ ಫೋಟೋಗಳನ್ನು ನಿಮ್ಮಪ್ಪ ಒಂದು ಸಲ ನೋಡಿ ‘ಚಲೋ ಅದಾವ’ ಎಂದು ಪೇಪರಿಗೆ ಮರಳಿದರು. ನಾನು ಮರಳಲಿಲ್ಲ. ಕೋಟೆಯ ಕಂದಕ ನಾನಂದುಕೊಂಡದ್ದಕ್ಕಿಂತ ಆಳವಾಗಿದೆ. ಗೋಡೆಯ ಮೇಲೆ ಸಾಲು ಫಿರಂಗಿಗಳು ಸಮುದ್ರದ ಕಡೆ ಮುಖ ಮಾಡಿ ಇನ್ನೂ ಯಾರನ್ನೋ ಕಾಯುತ್ತಿವೆ. ಒಂದರ ಮೇಲೆ ವೀರವ್ವನವರು ಎತ್ತಿನ ಗಾಡಿಯ ಮುಂದಿನ ಮೂಕಿಯ ಮೇಲೆ ಕೂತಂತೆ ಕಾಲು ಇಳಿಬಿಟ್ಟು ಕೂತಿದ್ದಾರೆ. ಇಳಕಲ್ ಸೀರೆಯ ಕೆಂಪು ಸೆರಗು ಗಾಳಿಗೆ ಹಾರಿ ನಿನ್ನ ಅರ್ಧ ಮುಖವನ್ನು ಮುಚ್ಚಿದೆ, ನೀನು ಅದನ್ನು ಸರಿಸಿಲ್ಲ. ದೂರದಲ್ಲಿ, ನೀರಿನ ನಟ್ಟನಡುವೆ, ಲಂಗರು ಹಾಕಿದ ಹಡಗಿನಂತೆ ನಿಂತ ಸಣ್ಣ ಕೋಟೆ. ಅದಕ್ಕೆ ಪಾನಿಕೋಟಾ ಎನ್ನುತ್ತಾರೆಂದು ಕೆಳಗೆ ಬರೆದಿದ್ದೀ. ಇಷ್ಟು ವರ್ಷ ಪಾಠ ಹೇಳಿದರೂ ನನಗೆ ಅದು ಗೊತ್ತಿರಲಿಲ್ಲ. ಬಿಳಿಯ ಚರ್ಚಿನ ಒಳಗೆ ಕಟ್ಟಿಗೆಯ ಕೆತ್ತನೆ ನೋಡಲು ನೀನು ಮುಖ ಮೇಲೆತ್ತಿದ್ದೀ. ಪಕ್ಕದಲ್ಲಿ ಅವರೂ ಎತ್ತಿದ್ದಾರೆ, ನೀನು ಎತ್ತಿದಷ್ಟೇ. ನಾಗೋವಾ ಎಂಬ ಕಡಲದಂಡೆಯಲ್ಲಿ ತಾಳೆಮರಗಳಿಗೆ ಕವಲಿವೆ, ಒಂದೊಂದಕ್ಕೆ ಎರಡು ಮೂರು ತಲೆ. ತಾಳೆಗೆಲ್ಲಿಯಾದರೂ ಕೊಂಬೆ ಇರುತ್ತದೆಯೇ ಎಂದು ನಾನು ನಿನ್ನನ್ನು ಕೇಳಬೇಕಿತ್ತು. ಅಲ್ಲಿಯೇ, ಆ ಮರದ ಕೆಳಗೆ, ಕಾಲಿಗೆ ಮರಳು ಹತ್ತಿಸಿಕೊಂಡು. ಇಲ್ಲಿ ಸೋಫಾದ ಮೇಲೆ ಕೂತು ಎರಡು ಬೆರಳಿನಿಂದ ಮರವನ್ನು ಹಿಗ್ಗಿಸಿ ನೋಡುವುದರಲ್ಲಿ ಪ್ರಶ್ನೆಯೇ ಹುಟ್ಟುವುದಿಲ್ಲ.

ಒಂದು ಫೋಟೋದಲ್ಲಿ ಮಾತ್ರ ನಾನು ಏನನ್ನೂ ಹಿಗ್ಗಿಸಲಿಲ್ಲ. ಗಂಗೇಶ್ವರ ಗುಡಿಯ ಮೆಟ್ಟಿಲುಗಳು, ಕೆಳಗೆ ಬಂಡೆಗಳ ನಡುವೆ ತೆರೆ. ನಿನ್ನ ಬಲಗೈ ಅವರ ಎಡಗೈಯಲ್ಲಿದೆ. ಅದರ ಬಗ್ಗೆ ಆಮೇಲೆ ಬರೆಯುತ್ತೇನೆ. ಮೊದಲು ಹಾನಗಲ್ಲಿನದು.

ಹಾನಗಲ್ಲಿನ ಅಜ್ಜಿಯ ಮನೆಗೆ ಹೋದಾಗಲೆಲ್ಲ ನಿನಗೆ ಆನೆಕೆರೆಯ ಹುಚ್ಚು. ನೀರು ಕಂಡರೆ ಬಿಟ್ಟ ಕರುವಿನಂತೆ ಓಡುತ್ತಿದ್ದೆ. ಗದರಿದರೆ ಇನ್ನೂ ಜೋರಾಗಿ ಓಡುತ್ತಿದ್ದೆ. ಒಂದು ಸಂಜೆ ನಾನು ಗದರಲಿಲ್ಲ. ದಂಡೆಯ ಮೇಲೆ ನಿಂತು, ‘ಅಂಕಿ, ನನಗ ಅಂಜಿಕಿ ಆಗಾಕತ್ತೈತಿ, ನನ್ನ ಕೈ ಹಿಡಕೊ’ ಎಂದೆ. ನೀನು ಗಕ್ಕನೆ ನಿಂತು, ತಿರುಗಿ ಬಂದು, ಹಿರಿಯಳಂತೆ ನನ್ನ ಕೈ ಹಿಡಿದು ‘ಅಂಜಬ್ಯಾಡವ್ವಾ, ನಾ ಇಲ್ಲೇ ಅದೇನಲ್ಲ’ ಎಂದೆ. ಅಲ್ಲಿಂದ ಪ್ರತಿ ಸಲವೂ ಅದೇ ಆಟ. ನಾನು ಅಂಜುವವಳು, ನೀನು ಕಾಯುವವಳು. ಅದೇ ಕೆರೆಯಲ್ಲಿ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತವಳು ನಾನು ಎಂದು ನಿನಗೆ ಹೇಳಲಿಲ್ಲ. ಹೇಳಿದ್ದರೆ ನೀನು ಕೈ ಬಿಡುತ್ತಿದ್ದೆ.

ಗುರುವಾರ ವೀರವ್ವನವರು ಬಂದಿದ್ದರು. ಸವಣೂರಿನ ನೆಂಟರ ಮನೆಗೆ ಹೋದವರು ಹಾಗೆಯೇ ಇಲ್ಲಿ ಇಳಿದರಂತೆ. ಕೈಯಲ್ಲಿ ಸವಣೂರ ಖಾರದ ಪೊಟ್ಟಣ, ಚೀಲದಲ್ಲಿ ಒಂದು ನೀರಿನ ಬಾಟಲಿ. ಬಾಟಲಿಯನ್ನು ನನ್ನ ಮುಂದಿಟ್ಟು, ‘ಸಮುದ್ರದ ನೀರು ಐತ್ರಿ ಟೀಚರ್. ನೀವು ನೋಡಿಲ್ಲಂತಲ್ರಿ, ಅದಕ್ಕ ತಂದೇನಿ. ನೆಕ್ಕಿ ನೋಡ್ರಿ, ಪಕ್ಕಾ ಉಪ್ಪು’ ಎಂದರು. ನೆಕ್ಕಿ ನೋಡಿದೆ. ‘ಹೌದ್ರಿ, ಉಪ್ಪೈತಿ’ ಎಂದೆ. ಅವರಿಗೆ ಬಹಳ ಸಮಾಧಾನವಾಯಿತು, ಸಮುದ್ರವನ್ನು ತಾವೇ ಉಪ್ಪು ಹಾಕಿ ಮಾಡಿದ ಹಾಗೆ.

ಆಮೇಲೆ ನಿಮ್ಮಪ್ಪನ ಕಡೆ ತಿರುಗಿ, ‘ಅಷ್ಟ ದೊಡ್ಡ ಕ್ವಾಟಿ ಕಟ್ಟಿ ಬಿಟ್ಟ ಹೋಗ್ಯಾರಲ್ರಿ ಬೀಗ್ರ, ಒಂದೆರಡ ಖೋಲಿ ಬಾಡಗಿಗಾದ್ರೂ ಕೊಡಬೇಕಿತ್ತು’ ಎಂದರು. ನಿಮ್ಮಪ್ಪ ಪೇಪರು ಮಡಚಿಟ್ಟು ನಕ್ಕರು. ನನ್ನ ಮಾತಿಗೆ ಅವರು ಪೇಪರು ಮಡಚಿದ್ದು ನನಗೆ ನೆನಪಿಲ್ಲ. ನಾನು ಚಹಾ ಇಡಲು ಎದ್ದೆ.

ವೀರವ್ವನವರು ಅಡುಗೆಮನೆಯ ತನಕ ಹಿಂದೆಯೇ ಬಂದು ಬಾಣಂತನದ ವಿಷಯ ಎತ್ತಿದರು. ‘ತಪ್ಪ ತಿಳಕೋಬ್ಯಾಡ್ರಿ. ನೀವು ಶಾಲಿಗೆ ಹೋದ್ರ ಬಾಣಂತಿನ ಯಾರ ನೋಡ್ತಾರ್ರಿ? ಎಣ್ಣಿ ತಿಕ್ಕಿ ಎರಿಯಾಕ, ಕೂಸಿನ ಕಾಸಾಕ, ಮನ್ಯಾಗ ಹೆಣಮಗಳೊಬ್ಬಾಕಿ ಇರಬೇಕಲ್ರಿ. ನಾ ಖಾಲಿ ಅದೇನಿ.’ ಅದರಲ್ಲಿ ಕೊಂಕಿರಲಿಲ್ಲ. ಕೊಂಕಿದ್ದರೆ ನನಗೆ ಅನುಕೂಲವಾಗುತ್ತಿತ್ತು. ‘ಅಂಕಿತಾ ಹೆಂಗಂತಾಳೋ ಹಂಗರಿ’ ಎಂದೆ.

ಆಗ ಅವರು ತಮ್ಮ ಫೋನು ತೆಗೆದು ನನಗೆ ಆ ಫೋಟೋ ತೋರಿಸಿದರು. ಅವರ ಮಾತನ್ನು ಇದ್ದ ಹಾಗೇ ಬರೆಯುತ್ತೇನೆ. ‘ಐದು ಲಿಂಗ ಅದಾವ್ರಿ ಅಲ್ಲಿ, ಸಮುದ್ರದ ದಂಡಿಗೆ, ಕಲ್ಲಿನ ಸಂದ್ಯಾಗ. ತೆರಿ ತಾನ ಬಂದು ನೀರ ಎರದು ಹೊಳ್ಳಿ ಹೋಗ್ತೈತಿ. ನಿಮ್ಮ ಹುಡುಗಿ ಅಂಜಿತ್ರಿ. ಅತ್ತಿಯಾರ, ನನಗ ಅಂಜಿಕಿ ಆಗಾಕತ್ತೈತ್ರಿ, ನನ್ನ ಕೈ ಹಿಡಕೋರಿ ಅಂತು. ಹಿಡದಿದ್ದ ಕೈ ಮ್ಯಾಲ ಬರೂತನಕಾ ಬಿಡಲಿಲ್ರಿ. ಎಷ್ಟ ಅಂಜಬುರುಕನ್ನ ಬೆಳಿಸೀರ್ರಿ ಟೀಚರ್.’

ಫೋಟೋ ನೋಡಿದೆ. ನೀನು ಒಂದು ಮೆಟ್ಟಿಲು ಕೆಳಗೆ, ಒದ್ದೆ ಕಲ್ಲಿನ ಮೇಲೆ, ಎರಡೂ ಪಾದ ಊರಿ ನಿಂತಿದ್ದೀ. ಅವರು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿದ್ದಾರೆ. ನಿನ್ನ ಬೆರಳು ಅವರ ಮುಂಗೈಯ ಬಳೆಗಳ ಮೇಲೆ ಒತ್ತಿವೆ. ಯಾರು ಯಾರನ್ನು ಹಿಡಿದಿದ್ದಾರೆಂದು ತಿಳಿಯಲು ಟೀಚರಾಗಬೇಕಿಲ್ಲ. ‘ಹೌದ್ರಿ, ಸಣ್ಣಾಕಿದ್ದಾಗಿಂದ ಹಂಗ’ ಎಂದು ಚಹಾ ಸೋಸಿದೆ. ಅವರ ಹೆಮ್ಮೆಯನ್ನು ನಾನು ಕೆಡಿಸಲಿಲ್ಲ, ಇದನ್ನು ನೀನು ಗಮನಿಸಬೇಕು. ನನ್ನ ಮಾತು ಅವರ ಬಾಯಲ್ಲಿ, ನನ್ನದೇ ಅಡುಗೆಮನೆಯಲ್ಲಿ. ಸಕ್ಕರೆ ಹಾಕುವುದನ್ನು ಮರೆತಿದ್ದೆ. ಅವರು ಹಾಗೆಯೇ ಕುಡಿದರು.

ಇನ್ನು ನಿನ್ನ ಪ್ರಶ್ನೆ. ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ನಾನು ಬೆಳಿಗ್ಗೆ ಹೋದರೆ ಸಂಜೆ ಬರುವವಳು. ಚಿಕ್ಕೇರೂರಿನಲ್ಲಿ ಗಾಳಿ ಬೆಳಕಿದೆ, ಹಾಲಿದೆ, ಅವರಿದ್ದಾರೆ. ಬಾಣಂತನ ಅಲ್ಲಿಯೇ ಆದರೆ ನನ್ನದೇನೂ ಅಡ್ಡಿ ಇಲ್ಲ. ಏಳನೆಯ ತಿಂಗಳ ಕುಬಸಕ್ಕೆ ಹಸಿರು ಸೀರೆ, ಖಣ ಮಾತ್ರ ನಾನೇ ತರುತ್ತೇನೆ. ಅಷ್ಟನ್ನು ಅವರು ಬಿಟ್ಟುಕೊಟ್ಟಾರು. ಹುಣಸೆಹಣ್ಣು ಹೆಚ್ಚು ತಿನ್ನಬೇಡ. ಮಲಗುವಾಗ ಎಡಮಗ್ಗುಲಾಗಿ ಮಲಗು. ನಿಮ್ಮಪ್ಪ ಏನಾದರೂ ಬರಿ ಅಂತ ಹೇಳಿದ್ದಾರೆ, ಏನೆಂದು ಹೇಳಲಿಲ್ಲ.

ಇತಿ, ಇನ್ನೂ ಸಮುದ್ರ ನೋಡದ,
ನಿನ್ನ ಅವ್ವ
ಶೈಲಶ್ರೀ

ತಾ.ಕ.: ಮಡಚಿದ್ದನ್ನು ಮತ್ತೆ ಬಿಚ್ಚಿದ್ದೇನೆ. ‘ಕೈ ಹಿಡಕೊ’ ಎಂಬ ಆ ಮಾತನ್ನು ಇನ್ನೊಬ್ಬರಿಗೆ ಹೇಳಿ ಅವರನ್ನು ನಿಲ್ಲಿಸಬಲ್ಲವಳಿಗೆ ಅದರ ಒಳಗುಟ್ಟು ಗೊತ್ತಿರಲೇಬೇಕು. ಅಂದರೆ ಆನೆಕೆರೆಯ ದಂಡೆಯಲ್ಲಿಯೇ, ಅಥವಾ ಆಮೇಲೆ ಯಾವಾಗಲೋ, ನಾನು ನೀರಿಗೆ ಅಂಜುವವಳಲ್ಲ ಎಂದು ನಿನಗೆ ಗೊತ್ತಾಗಿದೆ. ಗೊತ್ತಿದ್ದೂ ನೀನು ಫೋನಿನಲ್ಲಿ ಹಾಗೆ ಅಂದೆ, ಗೊತ್ತಿದ್ದೂ ನಾನು ಹೌದೆಂದೆ. ಮೂರನೆಯ ಸೀಟು ನನಗೆ ಬರದೇ ಇದ್ದದ್ದು ನೀರಿನ ಕಾರಣಕ್ಕಲ್ಲ. ಯಾವ ಕಾರಣಕ್ಕೆ ಎಂದು ಕೇಳುವುದಿಲ್ಲ. ಕೋಟೆ ಅವರದಾಗಲಿ, ಎರಡು ತಲೆಯ ತಾಳೆಮರ ಅವರದಾಗಲಿ. ಮೇಲೆ ಬರೆದ ‘ಅಡ್ಡಿ ಇಲ್ಲ’ ಎಂಬುದನ್ನು ಹೊಡೆದುಹಾಕಿದ್ದೇನೆ, ಓದಲು ಬರುವ ಹಾಗೆಯೇ. ವೀರವ್ವನವರು ಬರುವ ಮೊದಲೇ, ನಿನ್ನ ಫೋನು ಬಂದ ಮರುದಿನವೇ, ನಾನು ಶಾಲೆಯಲ್ಲಿ ದೀರ್ಘ ರಜೆ ಕೇಳಿ ಆಗಿತ್ತು. ಅದನ್ನು ಅವರಿಗೂ ಹೇಳಲಿಲ್ಲ, ಇಲ್ಲಿಯ ತನಕ ನಿನಗೂ ಬರೆಯಲಿಲ್ಲ. ಬಾಣಂತನಕ್ಕೆ ಇಲ್ಲಿಗೇ ಬಾ. ನನಗೆ ಅಂಜಿಕೆ ಆಗುತ್ತಿದೆ, ಅಂಕಿ, ನನ್ನ ಕೈ ಹಿಡಿದುಕೋ. ಇದು ಆನೆಕೆರೆಯ ದಂಡೆಯ ಅಂಜಿಕೆಯೋ, ನಿಜವಾದದ್ದೋ, ನನಗೆ ತಿಳಿಯುತ್ತಿಲ್ಲ. ಅಷ್ಟು ದೂರದಿಂದ ನಿನಗೆ ತಿಳಿದೀತೇ?