ಮುಂದಿನೆರಡು ಟೈರು

ಮಾರ್ಚ್ 3, ಭಾನುವಾರ. ಬೆಳಿಗ್ಗೆ

ಕಾರು ಒರೆಸಿದೆ. ಹೊರಗೆ ನಿಂತೇ ಕೈ ಚಾಚಿ ಸ್ಟಾರ್ಟ್ ಮಾಡಿ ಸ್ವಲ್ಪ ಹೊತ್ತು ಬಿಟ್ಟೆ. ಶೆಡ್ ತುಂಬ ಹೊಗೆ. ಪ್ರತಿ ಭಾನುವಾರದ ಕೆಲಸ ಇಷ್ಟೇ. ಹೆಂಡತಿ ಕಾಯಿಲೆ ಬಿದ್ದಾಗಿನಿಂದ ನಿಂತ ಕಾರು ಇದು. ಈಗ ಅವಳೂ ಇಲ್ಲ.

ಅವಳು ಡ್ರೈವಿಂಗ್ ಸ್ಕೂಲಿನಲ್ಲಿ ಕಂಡವರಿಗೆಲ್ಲ ಕ್ಲಚ್ಚು, ಬ್ರೇಕು ಕಲಿಸಿ, ಕೂಡಿಟ್ಟ ಸಂಬಳದಲ್ಲಿ ತೆಗೆದುಕೊಂಡ ಹಳೆಯ ಸ್ಪೋರ್ಟ್ಸ್ ಕಾರು. ಎರಡೇ ಸೀಟು. ನನ್ನ ಸವತಿ ಎಂದು ನಾನೇ ತಮಾಷೆ ಮಾಡುತ್ತಿದ್ದೆ.

ಹಿಂದಿನ ಎರಡು ಟೈರು ಬಿರುಕು ಬಿಟ್ಟಿವೆ. ಮಗಳು ಬಗ್ಗಿ ನೋಡಿದಳು.

"ಇನ್ಮೇಲೆ ನಾನು ಓಡಿಸ್ತೀನಪ್ಪ. ಟೈರ್ ಹಾಕಿಸಿಕೊಡು."

ಹೂಂ ಅಂದೆ. ಹಿಂದಿನವು ತಾನೇ... ಹೋಗಲಿ. ಮುಂದಿನೆರಡು ಚೆನ್ನಾಗಿಯೇ ಇವೆ.

ಮಾರ್ಚ್ 5, ಮಂಗಳವಾರ

ನನ್ನ ಗಾಜಿನ ಅಂಗಡಿಯಿಂದ ಬೇಗ ಹೊರಟೆ. ಮಗಳು ಬೆಳಿಗ್ಗೆಯೇ ಕಾರನ್ನು ಟೈರಿನವನ ಹತ್ತಿರ ಬಿಟ್ಟಿದ್ದಳು, ಅಲ್ಲಿಗೆ ಹೋದೆ. ನನ್ನ ಹೆಂಡತಿಯನ್ನು ಅವನು ಅಕ್ಕ ಅನ್ನುತ್ತಿದ್ದ, ಹಾಗಾಗಿ ನಾನು ಭಾವ.

"ನಾಲ್ಕೂ ತೆಗೀಬೇಕು ಭಾವ."

"ಮುಂದಿನವಕ್ಕೇನಾಗಿದೆ? ಸವೆದೇ ಇಲ್ಲ, ಗೀರು ಎಷ್ಟು ಆಳ ಇದೆ ನೋಡು."

"ಗೀರಿರಲಿ, ರಬ್ಬರ್ ಮುಟ್ಟಿ ನೋಡಿ. ಕಲ್ಲಾಗಿದೆ. ಓಡದೆ ನಿಂತ್ರೂ ಟೈರಿಗೆ ವಯಸ್ಸಾಗುತ್ತೆ. ನಿಮ್ಮ ಹಾಗೇನೇ."

ಈ ಕಾರಿಗೆ ಹಿಂದಿನ ಟೈರು ಅಗಲ, ಮುಂದಿನದು ಸಣ್ಣದು. ಅದಲುಬದಲು ಮಾಡುವ ಹಾಗಿಲ್ಲ. ಅವಳು ಮುಂದೆ ಹಾಕಿಸಿದ ಟೈರಿನ ಕಂಪನಿ ಈಗ ಹಿಂದಿನ ಟೈರಿನ ಅಳತೆಯದನ್ನು ಮಾಡುವುದೇ ನಿಲ್ಲಿಸಿದೆಯಂತೆ.

"ಹಿಂದೆ ಬೇರೆ ಕಂಪನಿದು ಹಾಕು. ಮುಂದಿನವು ಹಾಗೇ ಇರಲಿ."

"ಹಾಗೆ ಕಲಸುಮೇಲೋಗರ ಮಾಡಿದ್ರೆ ಹಿಂದಿನದು ರೋಡ್ ಹಿಡ್ಕೊಳ್ಳುತ್ತೆ, ಮುಂದಿನದು ಬಿಟ್ಬಿಡುತ್ತೆ. ಮೆತ್ತಗೆ ಗಾಜು ಸಾಗಿಸೋ ನಿಮ್ಮ ವ್ಯಾನಾಗಿದ್ರೆ ನಾನೂ ಸುಮ್ನಿರ್ತಿದ್ದೆ. ಅಕ್ಕ ಇದ್ದಿದ್ರೆ ನನ್ನ ಕಿವಿ ಹಿಂಡೋರು!"

"ಹಾಕು ಅಂದೆನಲ್ಲ."

ಹಾಕಿದ. ಮುಖ ದಪ್ಪ ಮಾಡಿಕೊಂಡೇ ಹಾಕಿದ.

ಅದೇ ಅಂಗಡಿ. ಮುಂದಿನೆರಡನ್ನು ಆರಿಸಲು ಅವಳು ಇಲ್ಲಿ ಒಂದು ಮಧ್ಯಾಹ್ನ ಪೂರ್ತಿ ಕಳೆದಿದ್ದಳು. ಹಣ್ಣು ಆರಿಸುವವರ ಹಾಗೆ ಒಂದೊಂದನ್ನೂ ಹೆಬ್ಬೆರಳಲ್ಲಿ ಒತ್ತಿ ಒತ್ತಿ. ನನಗೆ ಹಸಿವು, ಗೊಣಗುತ್ತಿದ್ದೆ. ಅದಾದ ಕೆಲವೇ ವಾರಕ್ಕೆ ಆಸ್ಪತ್ರೆ. ಆ ಟೈರು ಸವೆಯುವಷ್ಟು ಓಡಿಸಲೇ ಇಲ್ಲ.

ಬಿಚ್ಚಿಸಿ ಎಸೆಯುವುದು ನನ್ನ ಕೈಲಾಗದು. ಅಷ್ಟೇ.

ಮಾರ್ಚ್ 10, ಭಾನುವಾರ

ರಾತ್ರಿ ಮಳೆ ಬಂದಿತ್ತು. ಊರಾಚೆಯ ಒಂದು ಗೋದಾಮಿನ ಹಿಂದಿನ ಖಾಲಿ ಬಯಲಿಗೆ ಹೋದೆವು. ಮಗಳು ಓಡಿಸಿದಳು, ನಾನು ಪಕ್ಕದಲ್ಲಿ. ಒಂದು ಸುತ್ತು ಸರಿಯಾಗಿ ಹೋಯಿತು. ಎರಡನೆಯದರಲ್ಲಿ ಸ್ವಲ್ಪ ಜೋರು.

ಸ್ಟೀರಿಂಗ್ ತಿರುಗಿಸಿದಳು. ಕಾರು ತಿರುಗಲಿಲ್ಲ.

ಸೀದಾ ಹೋಯಿತು — ಸದ್ದಿಲ್ಲದೆ, ದೋಣಿ ಹೋದ ಹಾಗೆ. ಎದುರಿಗೆ ಗೋದಾಮಿನ ಗೋಡೆ. ಬ್ರೇಕಿನಿಂದ ಕಾಲು ತೆಗೆದು ಮತ್ತೆ ಒತ್ತಿದಳು. ನಿಂತಿತು. ಗೋಡೆಗೂ ನಮಗೂ ನಡುವೆ ಒಬ್ಬರು ಮಲಗುವಷ್ಟು ಜಾಗ.

ಅಂಗೈ ಒರೆಸಿಕೊಂಡಳು. ಕೂಗಾಡಿದ್ದರೆ ಚೆನ್ನಾಗಿತ್ತು. ಕೂಗಾಡಲಿಲ್ಲ.

"ಅಪ್ಪ, ಅಮ್ಮ ಆಗಿದ್ರೆ ಇವನ್ನ ಇಟ್ಕೋತಿದ್ಲಾ?"

ಉತ್ತರ ಗೊತ್ತಿತ್ತು.

ಮಾರ್ಚ್ 23, ಶನಿವಾರ

ಇಷ್ಟು ದಿನ ಏನೂ ಬರೆದಿಲ್ಲ. ಕಾರೂ ಒರೆಸಲಿಲ್ಲ. ಮಗಳೂ ಕೇಳಲಿಲ್ಲ. ಗಾಜು ಕತ್ತರಿಸುವಾಗೆಲ್ಲ ಆ ಗೋಡೆ ಕಣ್ಣ ಮುಂದೆ.

ಇವತ್ತು ಇಬ್ಬರೂ ಹೋದೆವು. ಹಿಂದಿನವಕ್ಕೆ ಹೊಂದುವ, ಅದೇ ಕಂಪನಿಯ ಮುಂದಿನ ಜೋಡಿ ಬೇಕು ಅಂದೆ. ಟೈರಿನವನು ಒಳಗಿನಿಂದ ಉರುಳಿಸಿಕೊಂಡು ಬಂದ.

"ಅವತ್ತೇ ತರಿಸಿಟ್ಟಿದ್ದೆ ಭಾವ. ಬಂದೇ ಬರ್ತೀರಿ ಅಂತ ಗೊತ್ತಿತ್ತು."

"ನನ್ನ ಮೇಲೆ ಅಷ್ಟು ನಂಬಿಕೆಯಾ?"

"ನಿಮ್ಮ ಮೇಲಲ್ಲ, ನಿಮ್ಮ ಮಗಳ ಮೇಲೆ."

ಬಿಚ್ಚಿದ ಎರಡನ್ನೂ ನನ್ನ ಮುಂದೆ ಒರಗಿಸಿದ. ಮನೆಗೆ ಒಯ್ತೀರಾ ಅಂತ ಕೇಳಿದ. ಹೆಬ್ಬೆರಳಲ್ಲಿ ಒತ್ತಿ ನೋಡಿದೆ. ಸ್ವಲ್ಪವೂ ಬಗ್ಗಲಿಲ್ಲ. ಹೊಸದನ್ನು ಒತ್ತಿದೆ. ಬೆರಳಿಗೆ ಹಿಡಿಯಿತು. ಆ ಮಧ್ಯಾಹ್ನ ಅವಳು ಹುಡುಕುತ್ತಿದ್ದುದು ಇದನ್ನೇ ಇರಬೇಕು.

ಹಳೆಯವು ಇಲ್ಲೇ ಇರಲಿ ಅಂದೆ.

"ಹೊಸ ಟೈರ್ ಮೊದಮೊದಲು ಜಾರುತ್ತೆ, ಮೇಲಿನ ನುಣುಪು ಹೋಗಬೇಕು. ಸ್ವಲ್ಪ ದಿನ ಮೆತ್ತಗೆ ಓಡಿಸಿ."

"ಮೆತ್ತಗೆ ಅಂದ್ರೆ ಅಪ್ಪನೇ ಸರಿ," ಅಂದಳು ಮಗಳು. "ಖಾಲಿ ವ್ಯಾನನ್ನೂ ಗಾಜು ತುಂಬಿದೆ ಅನ್ನೋ ಹಾಗೆ ಓಡಿಸ್ತಾನೆ. ನಾಳೆಯಿಂದ ಅವನೇ ಓಡಿಸಲಿ."

ಟೈರಿನವನು ಹೊಟ್ಟೆ ಹಿಡಿದುಕೊಂಡು ನಕ್ಕ. ನಾನೂ ನಕ್ಕೆ. ಆಮೇಲೆ ನೆನಪಾಯಿತು — ಆ ಸ್ಟೀರಿಂಗ್ ಮುಂದೆ ನಾನು ಒಂದು ದಿನವೂ ಕೂತವನಲ್ಲ.

ಮಾರ್ಚ್ 24, ಭಾನುವಾರ

ಕೂರಲು ಹೋದೆ. ಮೊಣಕಾಲು ಒಳಗೆ ಹೋಗಲಿಲ್ಲ. ಸೀಟು ಇನ್ನೂ ಅವಳ ಅಳತೆಗೇ ಇದೆ. ಮಗಳೂ ಅಷ್ಟೇ ಎತ್ತರ, ಹಾಗಾಗಿ ಯಾರೂ ಸರಿಸಿರಲಿಲ್ಲ.

"ಸೀಟಿನ ಕೆಳಗೆ ಸರಳಿದೆ, ಎಳಿ."

"ಗೊತ್ತು."

ಸರಳು ಹಿಡಿದು ಹಾಗೇ ಕೂತಿದ್ದೆ, ಮೊಣಕಾಲು ಮಡಚಿಕೊಂಡು. ಮಗಳು ಕಿಟಕಿಯ ಕಡೆ ತಿರುಗಿಕೊಂಡಳು. ಅವಸರ ಮಾಡಲಿಲ್ಲ.

ಎಳೆದೆ. ಸೀಟು ಹಿಂದೆ ಸರಿಯಿತು. ಕಾಲಿಗೆ ಜಾಗವಾಯಿತು. ಆಮೇಲೆ ಮೆತ್ತಗೆ, ಗಾಜು ತುಂಬಿದ ಹಾಗೆ, ಕಾರನ್ನು ಶೆಡ್ಡಿನಿಂದ ಹೊರಗೆ ತಂದೆ.